ಗೇಟಿನ ಆ ಕಡೆನೂ ಜಲ್ಲಿ, ಈ ಕಡೆನೂ ಜಲ್ಲಿ

ಹೋದ ವಾರ ಗುಬ್ಬಿ ಹತ್ತಿರ ಒಂದು ರೈಲ್ವೆ ಗೇಟಿನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ನನ್ನ ಬೈಕಿನ ಮುಂದೆ ಮೂರು ಟಿಪ್ಪರ್, ಹಿಂದೆ ಎರಡು. ಐದರಲ್ಲೂ ಜಲ್ಲಿ. ಮುಂದಿನವನು ಟಾರ್ಪಾಲ್ ಕಟ್ಟಿರಲಿಲ್ಲ. ಇಂಜಿನ್ ಅಲುಗಿದಾಗೆಲ್ಲ ಹಿಂದಿನ ಡೋರಿನ ಸಂದಿಯಿಂದ ಡಸ್ಟ್ ಸಣ್ಣಗೆ ಸುರಿಯುತ್ತಿತ್ತು. ಅಷ್ಟರಲ್ಲಿ ಗೂಡ್ಸ್ ಬಂತು. ನೋಡಿದರೆ ಅದರಲ್ಲೂ ಜಲ್ಲಿ! ಹಳಿಗೆ ಹಾಕುವ ಜಲ್ಲಿ ಹೊತ್ತ ರೈಲ್ವೆಯವರ ಹಾಪರ್ ಡಬ್ಬಿಗಳು, ನಿಧಾನಕ್ಕೆ ಅರಸೀಕೆರೆ ಕಡೆ ಹೋದವು.

ಪಕ್ಕದಲ್ಲಿ ಸ್ಕೂಟರಿನವರೊಬ್ಬರು, "ಎಲ್ಲಾ ಕಲ್ಲನ್ನೂ ಹಿಂಗೇ ರೈಲಲ್ಲಿ ಕಳಿಸಿದ್ರೆ ನಮ್ಮ ರೋಡು ಉಳಿಯುತ್ತಲ್ವಾ ಸಾರ್?" ಅಂದರು. ನಾನೂ ಹೂಂ ಅಂದುಬಿಟ್ಟೆ. ಮನೆ ತಲುಪುವಷ್ಟರಲ್ಲಿ ಆ ಹೂಂ ಅಷ್ಟು ಸಲೀಸಲ್ಲ ಅನ್ನಿಸಿತು.

ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಅಂದರೆ ಹಳಿ ನೋಡಿಕೊಳ್ಳುವ ಕೆಲಸದವರು. ಕಿರಿದಾದ ಮೀಟರ್ ಗೇಜ್ ಹಳಿಯ ಕಾಲದಲ್ಲಿ ಸೇರಿ, ಅಗಲದ ಬ್ರಾಡ್ ಗೇಜ್ ಆದ ಮೇಲೆ ರಿಟೈರ್ ಆದವರು. ಬೆಂಗಳೂರು–ತುಮಕೂರು ಹಳಿ ಬಿದ್ದಿದ್ದು 1884ರಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಆ ಹಳಿ ಎಷ್ಟು ಬೆಟ್ಟ ತಿಂದಿದೆಯೋ ಅಂತ ಅಪ್ಪ ಆಗಾಗ ಹೇಳುವುದುಂಟು. ತಮಾಷೆಯ ಮಾತಲ್ಲ ಅದು. ಒಂದು ಕಿಲೋಮೀಟರ್ ಬ್ರಾಡ್ ಗೇಜ್ ಹಳಿಯ ಕೆಳಗೆ ಸುಮಾರು 2,000 ಘನ ಮೀಟರ್ ಜಲ್ಲಿ ಬೇಕು. ತೂಕದಲ್ಲಿ ಹೆಚ್ಚುಕಮ್ಮಿ 3,000 ಟನ್. ಅಂದರೆ ಕಿಲೋಮೀಟರಿಗೆ ಒಂದು ಗೂಡ್ಸ್ ಗಾಡಿ ಕಲ್ಲು!

ಅದೂ ಸಿಕ್ಕಿದ ಕಲ್ಲು ನಡೆಯುವುದಿಲ್ಲ. ನಾವು ಮೋಲ್ಡಿಂಗ್‌ಗೆ ಹಾಕುವ ಮುಕ್ಕಾಲು ಇಂಚಿನ ಜಲ್ಲಿಗಿಂತ ಇದು ದಪ್ಪ. 65 ಮಿ.ಮೀ. ಜರಡಿಯಲ್ಲಿ ನೂರಕ್ಕೆ ಐದು ಭಾಗಕ್ಕಿಂತ ಜಾಸ್ತಿ ನಿಲ್ಲಬಾರದು, 20 ಮಿ.ಮೀ. ಜರಡಿಯಲ್ಲಿ ಹೆಚ್ಚುಕಮ್ಮಿ ಎಲ್ಲಾ ನಿಲ್ಲಬೇಕು. ಮೂಲೆಗಳು ಚೂಪಾಗಿರಬೇಕು. ಹೊಳೆಯ ಉರುಟುಗಲ್ಲು ಹಾಕಿದರೆ ಗೋಲಿಯ ಹಾಗೆ ಜಾರಿಹೋಗುತ್ತದೆ. ಚೂಪು ಕಲ್ಲು ಒಂದಕ್ಕೊಂದು ಕಚ್ಚಿಕೊಂಡು, ಹಳಿಯ ಅಡಿಗೆ ಅಡ್ಡ ಹಾಕಿರುವ ಸ್ಲೀಪರನ್ನು ಅಲ್ಲಾಡದಂತೆ ಹಿಡಿಯುತ್ತದೆ, ಮಳೆ ನೀರನ್ನೂ ಕೆಳಗೆ ಬಿಡುತ್ತದೆ. ಗಾಡಿ ಓಡಾಡಿ ಓಡಾಡಿ ಆ ಮೂಲೆಗಳು ಸವೆಯುತ್ತವೆ, ಸಂದಿಯಲ್ಲಿ ಮಣ್ಣು ತುಂಬುತ್ತದೆ. ಆಗ ಜರಡಿ ಹಿಡಿಯಬೇಕು, ಹೊಸದು ಸುರಿಯಬೇಕು. ಈಗ ಮಷೀನ್ ಬಂದಿವೆ. ಅಪ್ಪನ ಕಾಲದಲ್ಲಿ ಜಲ್ಲಿ ಬಡಿದು ಕೂರಿಸುವ ಬೀಟರ್, ಬಾಂಡ್ಲಿ, ರಟ್ಟೆ ಅಷ್ಟೇ.

ಚಿಕ್ಕವನಿದ್ದಾಗ ಒಮ್ಮೆ ಜಲ್ಲಿ ಗಾಡಿ ಇಳಿಸುವುದನ್ನು ನೋಡಿದ್ದೆ. ಗಾಡಿ ನಡೆಯುವ ವೇಗದಲ್ಲಿ ಹೋಗುತ್ತಿರುತ್ತದೆ. ಪಕ್ಕದಲ್ಲಿ ಒಬ್ಬರು ಹ್ಯಾಂಡಲ್ ತಿರುಗಿಸುತ್ತಾರೆ. ಡಬ್ಬಿಯ ಹೊಟ್ಟೆ ಬಾಯಿ ಬಿಟ್ಟು ಜರ್ರ್ ಅಂತ ಕಲ್ಲು ಹಳಿ ಮೇಲೆ ಸುರಿಯುತ್ತದೆ. ಅರ್ಧ ನಿಮಿಷದಲ್ಲಿ ಅಪ್ಪನೂ ಕಾಣಲಿಲ್ಲ, ಪಕ್ಕದವರೂ ಕಾಣಲಿಲ್ಲ. ಧೂಳು ಇಳಿದ ಮೇಲೆ ನೋಡಿದರೆ ಎಲ್ಲರ ತಲೆಯೂ ನೆರೆತ ಹಾಗಿತ್ತು.

ಇನ್ನು ನೀವು ದಿನಾ ನೋಡುವ ಎತ್ತರದ ತೆರೆದ ಡಬ್ಬಿಯ ಗೂಡ್ಸ್. ಅದರಲ್ಲೂ ಕಲ್ಲು ಹೋಗುತ್ತದೆ. ಆದರೆ ಗೇಟಿನಲ್ಲಿ ನಿಂತವರಿಗೆ ಕಾಣುವುದೇ ಇಲ್ಲ. ಆ ಡಬ್ಬಿಯ ಅಳತೆ ಕಲ್ಲಿದ್ದಲಿಗೆ ಹೊಂದುವಂಥದ್ದು. ಕಲ್ಲು ಜಾಸ್ತಿ ಭಾರ, ಹಾಗಾಗಿ ಮುಕ್ಕಾಲು ತುಂಬುವ ಮೊದಲೇ ತೂಕ ಮುಗಿದುಹೋಗುತ್ತದೆ. ಮೇಲ್ಸೇತುವೆ ಮೇಲಿಂದ ನೋಡಿದರೆ ಅಯ್ಯೋ ಅರ್ಧ ಖಾಲಿ ಅನ್ನಿಸುತ್ತದೆ. ಖಾಲಿ ಅಲ್ಲ, ಡಬ್ಬಿಗೆ 58 ಟನ್‌ಗೂ ಜಾಸ್ತಿ ಇರುತ್ತದೆ. ಅಂಥ 58 ಡಬ್ಬಿ ಒಂದು ಗಾಡಿಗೆ. ಹತ್ತು ಚಕ್ರದ ಟಿಪ್ಪರ್ ಲೆಕ್ಕದಲ್ಲಿ ನೂರ ಎಂಬತ್ತು ಲೋಡಿಗೂ ಮೇಲೆ. ಓವರ್‌ಲೋಡ್ ಹಾಕಿದರೆ ಕಡಿಮೆ ಆಗುತ್ತೆ ಅನ್ನಿ.

ಈ ಲೆಕ್ಕ ಹಿಡಿದುಕೊಂಡು ನಮ್ಮ ಭಾವನ ಹತ್ತಿರ ವಾದಕ್ಕೆ ಕೂತೆ. ಅವರದು ಎರಡು ಟಿಪ್ಪರ್ ಇದೆ. ಎಲ್ಲಾ ಕೇಳಿಸಿಕೊಂಡು ನಕ್ಕರು. "ಅಲ್ಲಪ್ಪಾ, ನಿನ್ನ ರೈಲು ಸಂದೀಲಿ ಬಂದು ಸೈಟಿನ ಮುಂದೆ ಲೋಡು ಸುರಿಯುತ್ತೇನು?"

ಉತ್ತರ ಇರಲಿಲ್ಲ. ಕ್ರಷರಿನಿಂದ ಸ್ಟೇಷನ್ನಿಗೆ ಹೇಗೂ ಟಿಪ್ಪರ್ ಬೇಕು. ಅಲ್ಲಿ ತುಂಬಬೇಕು, ಬೆಂಗಳೂರಲ್ಲಿ ಇಳಿಸಬೇಕು, ಮತ್ತೆ ಟಿಪ್ಪರಿಗೆ ತುಂಬಬೇಕು. ಎಪ್ಪತ್ತು ಕಿಲೋಮೀಟರಿಗೆ ಇಷ್ಟು ಸಲ ಎತ್ತಿ ಇಳಿಸಿದರೆ ಜಲ್ಲಿಗಿಂತ ಕೂಲಿಯೇ ಜಾಸ್ತಿ. ಮೂರು ಸಾವಿರ ಟನ್ ಒಂದೇ ಸಲ ಬೇಕು ಅನ್ನುವ ಗಿರಾಕಿ ಯಾರು? ಬೆಂಗಳೂರಿನ ದುರದೃಷ್ಟವೋ ಅದೃಷ್ಟವೋ, ಸುತ್ತ ಎಲ್ಲಾ ಕಡೆ ಬಂಡೆ. ಜಾರ್ಖಂಡಿನ ಪಾಕುರ್‌ನಿಂದ ಬಾಂಗ್ಲಾದೇಶದವರೆಗೆ ರೈಲಿನಲ್ಲಿ ಜಲ್ಲಿ ಹೋಗುವುದು ಅಲ್ಲಿ ಬಹುಪಾಲು ಮೆಕ್ಕಲು ಮಣ್ಣು, ಕಲ್ಲು ತುಂಬಾ ಕಡಿಮೆ ಅಂತ. ಲಂಡನ್ನಿಗೂ ಅಷ್ಟೇ, ನೂರೈವತ್ತು ಕಿಲೋಮೀಟರಿಗೂ ದೂರದ ಮೆಂಡಿಪ್ ಬೆಟ್ಟಗಳಿಂದ ರೈಲಿನಲ್ಲಿ ಕಲ್ಲು ಬರುತ್ತದೆ. ಅಲ್ಲಿ ಫಾಸ್ಟರ್ ಯೋಮನ್ ಅನ್ನುವ ಕ್ವಾರಿ ಕಂಪನಿ, ಸರ್ಕಾರಿ ರೈಲಿನ ಇಂಜಿನ್ ನಂಬಿ ಕೂತರೆ ಆಗಲ್ಲ ಅಂತ 1986ರಲ್ಲಿ ಅಮೆರಿಕದಿಂದ ತನ್ನದೇ ಇಂಜಿನ್ ತರಿಸಿತ್ತು! ನಮ್ಮ ಕ್ರಷರಿನವರು ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ತರಿಸಿದರೆ ನಮಗೆ ಅದೇ ಹಬ್ಬ.

ಹಾಗಂತ ಭಾವನ ಮಾತೇ ಕೊನೆ ಅಂತಲೂ ನಾನು ಒಪ್ಪುವುದಿಲ್ಲ. ಟಿಪ್ಪರ್ ಅಗ್ಗ ಅನ್ನುತ್ತೇವಲ್ಲ, ಯಾರಿಗೆ ಅಗ್ಗ? ಜಲ್ಲಿ ಬಿಲ್ಲಿನಲ್ಲಿ ಕ್ವಾರಿ ಪಕ್ಕದ ಊರಿನ ರಸ್ತೆಯ ಗುಂಡಿ ಬರೆದಿರುವುದಿಲ್ಲ. ಮೂರು ವರ್ಷದ ಹಿಂದೆ ಒಂದು ತಿರುವಿನಲ್ಲಿ, ಯಾವುದೋ ಲೋಡಿನಿಂದ ಚೆಲ್ಲಿದ್ದ ಜಲ್ಲಿ ಮೇಲೆ ನನ್ನ ಬೈಕ್ ಜಾರಿತು. ಮೊಣಕೈಗೆ ಆರು ಹೊಲಿಗೆ. ಆ ಖರ್ಚೂ ಯಾರ ಬಿಲ್ಲಿನಲ್ಲೂ ಇಲ್ಲ.

ನನ್ನ ಲೆಕ್ಕ ಇಷ್ಟು. ಮನೆ ಕಟ್ಟುವವರ ಒಂದು ಲೋಡು, ಎರಡು ಲೋಡು ಟಿಪ್ಪರಿನಲ್ಲೇ ಹೋಗಲಿ. ಭಾವನೂ ಬದುಕಬೇಕಲ್ವಾ. ಆದರೆ ಒಂದೇ ಜಾಗಕ್ಕೆ ತಿಂಗಳುಗಟ್ಟಲೆ ಸಾವಿರಾರು ಟನ್ ಹೋಗುವ ಕೆಲಸಗಳಿವೆ. ಬೆಂಗಳೂರಿನ ಸಬರ್ಬನ್ ರೈಲಿದೆ, ಮೆಟ್ರೋ ಇದೆ. ಹಳಿಗೆ ಹತ್ತಿರದ ಕ್ವಾರಿಗಳಿಂದ ಇವಕ್ಕೆ ಗೂಡ್ಸ್‌ನಲ್ಲೇ ಕಲ್ಲು ಹೋಗಬೇಕು ಅಂತ ಟೆಂಡರಿನಲ್ಲೇ ಬರೆಯಬಹುದು. ನಮ್ಮ ತುಮಕೂರು–ರಾಯದುರ್ಗ, ತುಮಕೂರು–ದಾವಣಗೆರೆ ಹೊಸ ಲೈನುಗಳಿಗೆ ಮೊದಲ ಪದರದ ಜಲ್ಲಿ ಟಿಪ್ಪರಿನಲ್ಲೇ ಬರಬೇಕು, ಬೇರೆ ದಾರಿಯಿಲ್ಲ. ಹಳಿಯೇ ಇಲ್ಲದ ಕಡೆ ರೈಲು ಹೇಗೆ ಬಂದೀತು? ಆದರೆ ಆ ಟಿಪ್ಪರ್ ಓಡುವ ಹಳ್ಳಿ ರಸ್ತೆಗಳನ್ನು ಆಮೇಲೆ ಸರಿ ಮಾಡಿಕೊಡುವ ದುಡ್ಡನ್ನೂ ಅದೇ ಟೆಂಡರಿನಲ್ಲಿ ಇಡಿ ಸ್ವಾಮಿ.

ಇದರಲ್ಲಿ ನಮಗೂ ಒಂದು ಕಷ್ಟ ಇದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ನಾನು ದಿನಾ ಯಶವಂತಪುರಕ್ಕೆ ರೈಲಿನಲ್ಲಿ ಹೋಗುವವನು. ಮುಂದೆ ಗೂಡ್ಸ್ ಹೋಗುತ್ತಿದೆ ಅಂತ ದಾರಿಯ ನಿಡವಂದ ಸ್ಟೇಷನ್ನಿನಲ್ಲಿ ನಿಲ್ಲಿಸಿದರೆ ಮೊದಲು ಬೈಯುವವನು ನಾನೇ.

ಹೋದ ತಿಂಗಳು ಮನೆಯ ಮೇಲೊಂದು ರೂಮ್ ಹಾಕಿಸಲು ಜಲ್ಲಿ ತರಿಸಿದೆವು. ತಂದವರು ಭಾವನೇ. ಇಳಿಸಿ ಹೋದ ಮೇಲೆ ಅಪ್ಪ ಮೆಲ್ಲಗೆ ಎದ್ದು ಬಂದು ರಾಶಿ ಪಕ್ಕ ಕುಕ್ಕರಗಾಲಲ್ಲಿ ಕೂತರು. ಒಂದು ಕಲ್ಲು ತೆಗೆದು ಹೆಬ್ಬೆರಳಲ್ಲಿ ಅದರ ಮೂಲೆ ಸವರಿದರು. ಇನ್ನೊಂದು ತೆಗೆದರು. ಆಮೇಲೆ ಎರಡನ್ನೂ ರಾಶಿಗೆ ಎಸೆದು, "ಹಳಿಗಾಗಲ್ಲ. ಮನೆಗಾದ್ರೆ ಸಾಕು ಬಿಡು" ಅಂದು ಕೈ ಒರೆಸಿಕೊಂಡು ಒಳಗೆ ಹೋದರು.