ಕಿವಿ ಬಾಗಿದ್ದರೆ ಸಾಕೇ?
ಶಿವಮೊಗ್ಗ, ಭದ್ರಾವತಿ ಸುತ್ತಮುತ್ತ ಕುದುರೆ ಕೊಳ್ಳಲು ಹೋದವರಿಗೆ, ಕಿವಿಯ ತುದಿ ಕೊಂಚ ಒಳಕ್ಕೆ ಬಾಗಿರುವ ಯಾವ ಕುದುರೆಯನ್ನಾದರೂ ರಾಜಸ್ಥಾನದ ಮಾರ್ವಾರಿ ತಳಿ ಎಂದು ನಂಬಿಸಿ ದುಪ್ಪಟ್ಟು ಬೆಲೆ ಕೇಳುವವರು ಎದುರಾಗುತ್ತಾರೆ. ಗುಜರಾತಿನ ಕಾಠಿಯಾವಾಡಿ ತಳಿಗೂ ಬಾಗಿದ ಕಿವಿಯೇ ಇರುತ್ತದೆ, ಮಿಶ್ರತಳಿಗೂ ಬರಬಹುದು. ವಯಸ್ಸು ಕೇಳಿದರೆ ನಾಲ್ಕೇ ವರ್ಷ ಎನ್ನುತ್ತಾರೆ. ತುಟಿ ಎತ್ತಿ ನೋಡಿದರೆ ಕೆಳಗಿನ ಬಾಚಿಹಲ್ಲುಗಳ ಕುಳಿಗಳೆಲ್ಲ ಸವೆದುಹೋಗಿರುತ್ತವೆ, ಅದು ಸುಮಾರು 8 ವರ್ಷ ತುಂಬಿದ ಲಕ್ಷಣ. ಇದಕ್ಕಿಂತ ಸಂಕಟವಾಗುವುದು ಗೊರಸು ನೋಡಿದಾಗ: ಮಲೆನಾಡಿನ ಮಳೆಗಾಲದುದ್ದಕ್ಕೂ ಕೆಸರಿನಲ್ಲೇ ಕಟ್ಟಿಹಾಕಿದ್ದರಿಂದ ಗೊರಸಿನ ಅಡಿ ಕೊಳೆತು, ಕಪ್ಪಗೆ ಸೋರಿ ನಾರುತ್ತಿದ್ದರೂ, ಲಾಳ ಹೊಡೆಸಿದರೆ ಸರಿಹೋಗುತ್ತದೆ ಎಂದು ಸಾಗಹಾಕುತ್ತಾರೆ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಅಂಟುವ ಮಾರಕ ರೋಗವಾಗಿರುವಾಗ, ಕುದುರೆಯ ರಕ್ತಪರೀಕ್ಷೆಯ ವರದಿ ಕೇಳಿದವರನ್ನು ಅವಮಾನ ಮಾಡಲು ಬಂದವರಂತೆ ನೋಡುವುದನ್ನು ಮಾತ್ರ ನಾನು ಸಹಿಸಲಾರೆ.