ಮಾವನ ಮನೆಗೆ ಹಾಕಿದ ದುಡ್ಡು

ಕುಮಟಾ, ಅಂಕೋಲಾ ಕಡೆಯ ಹಂಚಿನ ಮನೆಗಳಿಗೆ ಯಜಮಾನ ಒಬ್ಬನೇ ಇದ್ದರೂ ದುಡ್ಡು ಹಾಕುವವರು ಹಲವರು. ಮಳೆಗಾಲಕ್ಕೆ ಮುಂಚೆ ಹಂಚು ಸರಿಪಡಿಸಿದ ಖರ್ಚಿಗೆ ಯಾರೂ ಲೆಕ್ಕ ಇಡುವುದಿಲ್ಲ, ಇಡಬೇಕಾಗಿಯೂ ಇಲ್ಲ. ಆದರೆ ಮುಂಬಯಿಯಲ್ಲಿ ದುಡಿದ ಅಳಿಯ ಮಾವನ ಮನೆಗೆ ತಾಗಿಸಿ ಚಿರೆಕಲ್ಲಿನ ಎರಡು ಕೋಣೆ ಕಟ್ಟಿಸಿದಾಗ, ಅಥವಾ ಸೊಸೆ ತವರಿನ ಬಂಗಾರ ಮಾರಿ ಮಾಡಿಗೆ ಹೊಸ ಮರ ಹಾಕಿಸಿದಾಗ, ಅಲ್ಲಿ ಸೇರಿಹೋಗುವುದು ಅವರ ಜೀವಮಾನದ ಉಳಿತಾಯ. ಮುಂದೆ ಮನಸ್ತಾಪವಾದರೆ ಅವರಿಗೆ ಎದುರಾಗುವುದು ಪಹಣಿಯಲ್ಲಿ ಹೆಸರಿದೆಯೇ ಎಂಬ ಒಂದೇ ಪ್ರಶ್ನೆ.

ನಾನು ನೆಲೆಸಿರುವ ಇಂಗ್ಲೆಂಡಿನಲ್ಲಿ ನ್ಯಾಯಾಲಯ ಇನ್ನೂ ಒಂದನ್ನು ಕೇಳುತ್ತದೆ: ಒಡೆಯ ಏನು ಹೇಳಿ ನಂಬಿಸಿದ, ಅದನ್ನು ನಂಬಿದವರು ಏನು ಖರ್ಚು ಮಾಡಿದರು? 1965ರ ಇನ್‌ವರ್ಡ್ಸ್ ಮತ್ತು ಬೇಕರ್ ಮೊಕದ್ದಮೆಯಲ್ಲಿ ಮಗ ತಂದೆಯ ಮಾತಿನಂತೆ ಅವರ ಜಾಗದಲ್ಲೇ ಮನೆ ಕಟ್ಟಿದ್ದ. ತಂದೆಯ ಹಳೆಯ ಉಯಿಲು ಜಾಗವನ್ನು ಬೇರೆಯವರಿಗೆ ಕೊಟ್ಟಿದ್ದರೂ, ಬಯಸುವಷ್ಟು ಕಾಲ ಅವನು ಅಲ್ಲಿರಬಹುದೆಂದು ತೀರ್ಪಾಯಿತು. 1972ರ ಹಸ್ಸಿ ಮತ್ತು ಪಾಮರ್ ಮೊಕದ್ದಮೆಯಂತೂ ನಮ್ಮೂರಿನದೇ ಕಥೆ ಎನ್ನಬೇಕು. ಅಳಿಯನ ಮನೆಗೆ ಒಂದು ಕೋಣೆ ಸೇರಿಸಲು 607 ಪೌಂಡ್ ಕೊಟ್ಟ ವಿಧವೆ ಅತ್ತೆ, ಹೊಂದಾಣಿಕೆಯಾಗದೆ ಹೊರಬಿದ್ದಳು. ಬರವಣಿಗೆಯಲ್ಲಿ ಏನೂ ಇರದಿದ್ದರೂ ಆ ಮನೆಯಲ್ಲಿ ಅವಳಿಗೆ ಹಕ್ಕು ಇದೆಯೆಂದು ಬಹುಮತದ ತೀರ್ಪು ಒಪ್ಪಿತು.

ನಮ್ಮ ಕಾನೂನು ಬರಿಗೈಯಲ್ಲೇನೂ ಇಲ್ಲ. ಆಸ್ತಿಯಲ್ಲಿ ಪಾಲಿದ್ದವರು ಕಟ್ಟಿಸಿದ್ದರೆ, ಹಿಸೆಯಾಗುವಾಗ ಆ ಭಾಗವನ್ನು ಸಾಧ್ಯವಾದಷ್ಟು ಅವರಿಗೇ ಬಿಡುವುದು ನ್ಯಾಯಾಲಯಗಳ ರೂಢಿ. ಕಷ್ಟ ಪಾಲಿಲ್ಲದ ಅಳಿಯ, ಸೊಸೆ, ಅತ್ತೆಯರದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 51ನೇ ಕಲಮು ಆಸ್ತಿ ತನ್ನದೆಂದೇ ಪ್ರಾಮಾಣಿಕವಾಗಿ ನಂಬಿ ಪಡೆದವರನ್ನು ಕಾಯುತ್ತದೆ. ಮನೆ ಮಾವನದೆಂದು ಗೊತ್ತಿದ್ದ ಅಳಿಯನಿಗೆ ಅದು ದಕ್ಕದು. ಅದೇ ವರ್ಷದ ಈಸ್‌ಮೆಂಟ್ (ಪರರ ಜಾಗ ಬಳಸುವ ಹಕ್ಕಿನ) ಕಾಯ್ದೆಯ 60ನೇ ಕಲಮಿನ ಪ್ರಕಾರ, ಒಡೆಯನ ಅನುಮತಿಯ ಆಧಾರದ ಮೇಲೆ ಖರ್ಚುಮಾಡಿ ಶಾಶ್ವತ ಕಟ್ಟಡ ಕಟ್ಟಿದವರಿಗೆ ಕೊಟ್ಟ ಅನುಮತಿಯನ್ನು ಹಿಂತೆಗೆಯಲಾಗದು. 1872ರ ಕರಾರು ಕಾಯ್ದೆಯ 70ನೇ ಕಲಮಿನಡಿ, ಪುಕ್ಕಟೆಯೆಂಬ ಉದ್ದೇಶವಿಲ್ಲದೆ ಮಾಡಿದ ಉಪಕಾರದ ಲಾಭ ಉಂಡವರಿಂದ ಪರಿಹಾರ ಕೇಳಬಹುದು. ಆದರೆ ಪ್ರೀತಿಯಿಂದ ಕೊಟ್ಟದ್ದೆಂದು ಮನೆಯವರು ವಾದಿಸಿದಾಗ, ಅಲ್ಲವೆಂದು ಸಾಬೀತು ಮಾಡುವುದು ಮೇಸ್ತ್ರಿಯ ಚೀಟಿಯನ್ನೂ ಇಟ್ಟುಕೊಳ್ಳದವರಿಗೆ ಬಲು ಕಷ್ಟ.

ಹಾಗೆಂದು ಇಂಗ್ಲೆಂಡಿನ ಎಲ್ಲ ಪರಿಹಾರವೂ ನಮಗೆ ಒಗ್ಗೀತೆಂದು ನಾನು ಹೇಳಲಾರೆ. ಮುನಿಸಿಕೊಂಡವರಿಗೆ ಒಂದೇ ಬಾವಿ, ಒಂದೇ ಅಂಗಳ ಇರುವಲ್ಲಿ ವಾಸದ ಹಕ್ಕು ಕೊಡುವುದು ದಿನವೂ ಜಗಳಕ್ಕೆ ದಾರಿ. ಆಸ್ಟ್ರೇಲಿಯಾದ ಜ್ಯೂಮೆಲ್ಲಿ ಮೊಕದ್ದಮೆಯ ದಾರಿಯೇ ಮೇಲು: ತಂದೆತಾಯಿಯ ಮಾತು ನಂಬಿ ಅವರ ತೋಟದಲ್ಲಿ ಮನೆ ಕಟ್ಟಿದ ಮಗನಿಗೆ ಅಲ್ಲಿನ ಹೈಕೋರ್ಟು 1999ರಲ್ಲಿ ಜಾಗದ ಬದಲು ಹಣ ಕೊಡಿಸಿತು. ಅಷ್ಟರಲ್ಲಿ ಅವನ ಸಹೋದರನ ಸಂಸಾರ ಅಲ್ಲಿ ನೆಲೆಸಿತ್ತೆಂಬುದನ್ನೂ ಅದು ಗಣನೆಗೆ ತೆಗೆದುಕೊಂಡಿತು. ಶಿರಸಿಯ ಅಡಿಕೆ ತೋಟದ ಮನೆಗಳಿಗೂ ಇದು ಸರಿಹೊಂದುತ್ತದೆ: ಭೂಮಿ ಒಡೆಯದೆ ಉಳಿಯಲಿ, ಹಾಕಿದ ಹಣ ಆ ಮನೆಯ ಮೇಲೆ ಸಾಲವಾಗಿ ನಿಲ್ಲಲಿ. ಅಡಿಪಾಯಕ್ಕೆ ಮೊದಲೇ, ಹಣ ಕೊಟ್ಟವರು ಹೊರಟರೆ ಅಥವಾ ಮನೆ ಮಾರಿದರೆ ಎಷ್ಟು, ಯಾವಾಗ ಹಿಂತಿರುಗಿಸಬೇಕೆಂದು ಬರೆದು ಮನೆಯವರೆಲ್ಲ ಸಹಿ ಹಾಕಬೇಕು. ಆ ಮಾತನ್ನು ಎತ್ತುವ ಹೊಣೆ ಕೊಡುವ ಅಳಿಯನದಲ್ಲ, ತೆಗೆದುಕೊಳ್ಳುವ ಮಾವನದು.