ಎಕ್ಸ್‌ರೇಯಲ್ಲಿ ಕಾಣುವುದು ಸವೆತ, ನೋವಲ್ಲ

"ಮಂಡಿ ಪೂರ್ತಿ ಸವೆದಿದೆ, ಗ್ರೇಡ್ ಮೂರು" ಅಂತ ಕಿವಿಗೆ ಬಿದ್ದ ದಿನದಿಂದ ಎಷ್ಟೋ ಜನ ಮೆಟ್ಟಿಲು ಹತ್ತುವುದನ್ನೇ ಬಿಡುತ್ತಾರೆ. ಮೆಟ್ಟಿಲು ನಿನ್ನೆಯದೇ, ಮಂಡಿಯೂ ನಿನ್ನೆಯದೇ. ಹೊಸದಾಗಿ ಬಂದದ್ದು ಭಯ. ಎಷ್ಟು ಸವೆತವೋ ಅಷ್ಟು ನೋವು ಅನ್ನುವ ಲೆಕ್ಕವೇ ಈ ಭಯದ ಬೇರು, ಮತ್ತು ಆ ಲೆಕ್ಕ ಕೀಲಿನೊಳಗೆ ತಾಳೆಯಾಗುವುದಿಲ್ಲ.

ಈ ಗ್ರೇಡ್ ಎಂಬುದು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಮಾಡಿಟ್ಟ 0ಯಿಂದ 4ರ ಅಳತೆ. ಮೂಳೆಯ ಅಂಚಿನಲ್ಲಿ ಮುಳ್ಳು ಬೆಳೆದಿದೆಯೇ, ಎರಡು ಮೂಳೆಗಳ ನಡುವಿನ ಗ್ಯಾಪ್ ಕಿರಿದಾಗಿದೆಯೇ, ಮೂಳೆ ಗಟ್ಟಿಯಾಗಿ ಬೆಳ್ಳಗೆ ಕಾಣುತ್ತದೆಯೇ, ಆಕಾರ ಕೆಟ್ಟಿದೆಯೇ, ಇಷ್ಟೇ ಅದರ ಪ್ರಶ್ನೆಗಳು. ನೋಯುತ್ತಿದೆಯೇ ಎಂದು ಅದು ಕೇಳುವುದೇ ಇಲ್ಲ. ಅಷ್ಟೇಕೆ, ಸವೆಯುವ ಕಾರ್ಟಿಲೇಜ್, ಅಂದರೆ ಮೂಳೆಯ ತುದಿಯ ನುಣುಪಾದ ಹೊದಿಕೆ ಕೂಡ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಗ್ಯಾಪ್ ನೋಡಿ ಅಂದಾಜು ಮಾಡುವುದು. ಮಲಗಿಸಿ ತೆಗೆದರೆ ಗ್ಯಾಪ್ ಇರುವುದಕ್ಕಿಂತ ಹೆಚ್ಚು ಕಾಣಬಹುದು, ಅದಕ್ಕೇ ನಿಲ್ಲಿಸಿ ತೆಗೆಯಬೇಕು.

ಇನ್ನೊಂದು ವಿಷಯ. ಸವೆಯುವ ಕಾರ್ಟಿಲೇಜ್‌ಗೆ ನರವೇ ಇಲ್ಲ. ಅದು ಎಷ್ಟು ತೆಳುವಾದರೂ ತಾನಾಗಿ ಕೂಗಿಕೊಳ್ಳಲಾರದು. ಕೂಗುವುದು ಅದರ ಅಕ್ಕಪಕ್ಕದವು: ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಚೀಲ, ಮಂಡಿಚಿಪ್ಪಿನ ಕೆಳಗಿರುವ ಕೊಬ್ಬಿನ ಗಂಟು. ಒಳಪೊರೆಯ ಊತ, ಎಂಆರ್‌ಐನಲ್ಲಿ ಕಾಣುವ ಮೂಳೆಮಜ್ಜೆಯ ಗಾಯ ಇವು ತಿಂಗಳುಗಳಲ್ಲಿ ಏರಬಹುದು, ಇಳಿಯಬಹುದು. ಎಕ್ಸ್‌ರೇ ಒಂದಿಷ್ಟೂ ಬದಲಾಗದೆ ನೋವು ಮಾತ್ರ ಹೆಚ್ಚು ಕಮ್ಮಿ ಆಗುವುದಕ್ಕೆ ಇದೂ ಒಂದು ಕಾರಣ. "ಗ್ರೀಸ್ ಖಾಲಿಯಾಗಿದೆ" ಅನ್ನುವ ಜನಪ್ರಿಯ ವಿವರಣೆ ಇಲ್ಲಿ ಏನನ್ನೂ ವಿವರಿಸುವುದಿಲ್ಲ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದ, ಎಕ್ಸ್‌ರೇಯಲ್ಲಿ ಸವೆತವಿಲ್ಲದ 710 ಜನರಿಗೆ ಎಂಆರ್‌ಐ ಮಾಡಿದರು. 2012ರಲ್ಲಿ ಫಲಿತಾಂಶ ಬಂತು: 89%ರಷ್ಟು ಜನರ ಮಂಡಿಯಲ್ಲಿ ಒಂದಲ್ಲ ಒಂದು ದೋಷ. ನೋವಿದ್ದವರಲ್ಲೂ ಇಲ್ಲದವರಲ್ಲೂ ಪ್ರಮಾಣ ಹತ್ತಿರಹತ್ತಿರ. ಹಾಗಾಗಿ ಎಂಆರ್‌ಐ ವರದಿಯಲ್ಲಿ "ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಹರಿದಿದೆ" ಎಂದಿದ್ದ ಮಾತ್ರಕ್ಕೆ ಆಪರೇಷನ್‌ಗೆ ಓಡಬೇಡಿ.

ಹಾಗಂತ "ಸವೆತಕ್ಕೂ ನೋವಿಗೂ ಸಂಬಂಧವೇ ಇಲ್ಲ, ಎಲ್ಲಾ ತಲೆಯಲ್ಲೇ" ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. 2009ರ ಒಂದು ಅಧ್ಯಯನ ಜಾಣತನದಿಂದ ಒಬ್ಬನದೇ ಎರಡು ಮಂಡಿಗಳನ್ನು ಹೋಲಿಸಿತು. ನಿದ್ದೆ, ಮನಸ್ಥಿತಿ, ಹುಟ್ಟಿನಿಂದ ಬಂದ ನೋವಿನ ಸೂಕ್ಷ್ಮತೆ ಎರಡೂ ಕಾಲಿಗೆ ಒಂದೇ ತಾನೆ? ಆಗ ಹೆಚ್ಚು ಸವೆದ ಮಂಡಿಯೇ ನೋಯುವ ಮಂಡಿಯಾಗುವ ಸಂಭವ ಸ್ಪಷ್ಟವಾಗಿ ಕಂಡಿತು. ಸಂಬಂಧವಿದೆ, ಆದರೆ ಒಬ್ಬರನ್ನು ಇನ್ನೊಬ್ಬರ ಪಕ್ಕಕ್ಕಿಟ್ಟು ನೋಡಿದಾಗ ಅದು ಮಸುಕಾಗುತ್ತದೆ.

ನೋವನ್ನು ಪೂರ್ತಿ ಬಾಯಿಮುಚ್ಚಿಸಿದರೂ ಅಪಾಯ. ಟನೆಜುಮ್ಯಾಬ್ ಅನ್ನುವ ಇಂಜೆಕ್ಷನ್ ನರಬೆಳವಣಿಗೆಯ ಒಂದು ಅಂಶವನ್ನು ತಡೆದು ನೋವು ಇಳಿಸುತ್ತಿತ್ತು. ಕೆಲವರ ಕೀಲು ಬೇಗಬೇಗ ಹಾಳಾಗತೊಡಗಿ 2010ರಲ್ಲಿ ಪ್ರಯೋಗಗಳಿಗೆ ತಡೆ ಬಿತ್ತು. ಕೊನೆಗೆ 2021ರಲ್ಲಿ ಕೈಬಿಟ್ಟರು.

ವ್ಯಾಯಾಮದ ಸಮಯದಲ್ಲೂ ನೋವನ್ನು ಸೂಚಕದಂತೆ ಬಳಸಿ. ಕೈಯಿಲ್ಲದ ಗಟ್ಟಿ ಕುರ್ಚಿಯ ಅಂಚಿಗೆ ಸರಿದು ಕೂತು, ಪಾದಗಳನ್ನು ಸ್ವಲ್ಪ ಹಿಂದೆಳೆದು, ಕೈ ಎದೆಗೆ ಕಟ್ಟಿ ಎದ್ದು ನಿಲ್ಲಿ. 8ರಿಂದ 10 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಕೆಡುವುದು ಹೆಚ್ಚಾಗಿ ಕೂರುವಾಗ: ಕೊನೆಯ ನಾಲ್ಕು ಬೆರಳಷ್ಟು ದೂರ ಧೊಪ್ಪೆಂದು ಬೀಳುವುದು, ಮಂಡಿಗಳು ಒಂದಕ್ಕೊಂದು ವಾಲುವುದು. ಮೂರು ಎಣಿಸುತ್ತಾ ಇಳಿಯಿರಿ, ಮಂಡಿ ಕಾಲ್ಬೆರಳ ನೇರಕ್ಕಿರಲಿ. ಆಗದಿದ್ದರೆ ಕುರ್ಚಿ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿ. ಮಾಡುವಾಗ ಹತ್ತಕ್ಕೆ ನಾಲ್ಕೈದರವರೆಗೆ ನೋವು ಬಂದು, 24 ಗಂಟೆಯೊಳಗೆ ಮೊದಲಿನಷ್ಟಕ್ಕೆ ಇಳಿದರೆ ಮುಂದುವರಿಸಬಹುದು. ಮಾರನೆಯ ದಿನ ಮಂಡಿ ಊದಿದರೆ ಒಂದು ಸುತ್ತು ಕಡಿಮೆ ಮಾಡಿ, ನಿಲ್ಲಿಸಬೇಡಿ. ಕೆಂಪಾಗಿ, ಬಿಸಿಯಾಗಿ, ಜ್ವರದೊಂದಿಗೆ ಊದಿದ್ದರೆ ಮಾತ್ರ ಅದು ಬೇರೆ ಕಥೆ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಕೀಲು ಬದಲಿಸುವ ವಿಚಾರಕ್ಕೆ ಬಂದರೆ, ಗ್ರೇಡ್ ಒಂದನ್ನೇ ನೋಡಿ ತೀರ್ಮಾನಿಸುವುದು ಎರಡು ಕಡೆಯಿಂದಲೂ ತಪ್ಪು. ಗ್ರೇಡ್ ನಾಲ್ಕಿದ್ದರೂ ಆರಾಮವಾಗಿ ನಡೆಯುವವರಿಗೆ ಅವಸರವಿಲ್ಲ. ಎಕ್ಸ್‌ರೇಯಲ್ಲಿ ಅಲ್ಪ ಸವೆತ, ನೋವು ಮಾತ್ರ ವಿಪರೀತ ಅನ್ನುವವರಿಗೆ ಆಪರೇಷನ್‌ನಿಂದ ಸಿಗುವ ಲಾಭವೂ ಕಡಿಮೆ. ಒಟ್ಟಾರೆ ಮಂಡಿ ಬದಲಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ನೋವು ಉಳಿದೇ ಇರುತ್ತದೆ. ಸವೆದ ಭಾಗವನ್ನೆಲ್ಲ ಕತ್ತರಿಸಿ ತೆಗೆದ ಮೇಲೂ.

ಅಂದಹಾಗೆ, ಮಂಡಿಯ ಎಕ್ಸ್‌ರೇ ಚೆನ್ನಾಗಿದೆ, ನೋವು ಮಾತ್ರ ಹೋಗುತ್ತಿಲ್ಲ ಅಂದಾಗ ಒಮ್ಮೆ ಸಾಕ್ಸ್ ಹಾಕಿಕೊಳ್ಳುವಂತೆ ಕಾಲು ಮಡಚಿ ನೋಡಿ. ತೊಡೆಸಂದಿಯಲ್ಲಿ ಹಿಡಿದುಕೊಂಡರೆ ಪರೀಕ್ಷೆ ಆಗಬೇಕಾದದ್ದು ಸೊಂಟದ ಕೀಲಿಗೆ, ಮಂಡಿಯ ನೋವು ಅಲ್ಲಿಂದ ಬರುತ್ತಿರಬಹುದು.